ಅಕ್ಕನ ಪಾಲಿನ ಬೆಳಗು

ಗಾಡಿಯ ಅಡಿಹಲಗೆಗೆ ಕುದಿಯುವ ನೀರು ಹೊಯ್ದದ್ದೇ ತಪ್ಪಾಯಿತು. ವರ್ಷಗಳಿಂದ ಅಲ್ಲಿ ಕಟ್ಟಿಕೊಂಡಿದ್ದ ಎಣ್ಣೆಯ ಜಿಡ್ಡು ಕರಗಿ, ಕಂದು ಗೋಂದಿನ ಹಾಗೆ ಜಾರಿ ನನ್ನ ಕೈಮೇಲೆ ಇಳಿಯಿತು. ಅದರ ಜೊತೆ ವಾಸನೆಯೂ ಎದ್ದಿತು. ಸುಟ್ಟ ಕಡಲೆಹಿಟ್ಟು, ಮತ್ತೆ ಮತ್ತೆ ಕಾಯಿಸಿದ ಎಣ್ಣೆ, ಅದರಲ್ಲಿ ಅಂಟಿಕೊಂಡು ಸತ್ತ ನೊಣ... ರಸ್ತೆಯ ಪಕ್ಕಕ್ಕೆ ಹೋಗಿ ಕಕ್ಕಿ ಬಂದೆ.

ಈ ಗಾಡಿಯಲ್ಲಿ ಈಗ ನಾನು ಎಣ್ಣೆ ಕಾಯಿಸುವುದಿಲ್ಲ. ಚಿತ್ರದುರ್ಗದ ಕೋಟೆಗೆ ಬೆಳಿಗ್ಗೆ ನಡೆಯಲು ಬರುವವರಿಗೆ ನವಣೆ ಗಂಜಿ, ರಾಗಿ ಅಂಬಲಿ, ಮೊಳಕೆ ಕಾಳು ಮಾರುತ್ತೇನೆ. ನಾನೂ ಅವರ ಜೊತೆ ದಿನಾ ಗುಡ್ಡ ಹತ್ತಿ ಇಳಿಯುತ್ತೇನೆ. ಬರುವ ಭಾನುವಾರ ಆ ವಾಕಿಂಗ್ ಗುಂಪಿನವರು ಈ ಗಾಡಿಯ ಮುಂದೆಯೇ ನನಗೆ ಶಾಲು ಹೊದಿಸುತ್ತಾರಂತೆ. ಗುಂಪಿನ ಹಿರಿಯರಾದ ಒಬ್ಬ ನಿವೃತ್ತ ಮೇಷ್ಟ್ರು ಹೇಳಿದರು: "ದಿನಾ ದುಡಿಯೋ ಮನುಷ್ಯ ನೀನು. ಬಿಡುವಿಲ್ದಿದ್ರೂ ವ್ಯಾಯಾಮಕ್ಕೆ ಟೈಮ್ ಹೆಂಗೆ ಮಾಡ್ಕಂಡೆ ಅಂತ ನಾಕು ಮಾತು ಬರ್ಕಂಡು ಬಾರಪ್ಪ. ನಮ್ಮ ಆಫೀಸಿನೋರಿಗೂ ಬುದ್ಧಿ ಬರ್ಲಿ."

ಅದಕ್ಕೇ ಗಾಡಿ ತೊಳೆಯಲು ಕೂತಿದ್ದು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು, ಬರೆಯುವುದೆಂದರೆ ಕಷ್ಟ. ಆದರೂ ಆ ಟೈಮ್ ಎಲ್ಲಿಂದ ಬಂತು ಅನ್ನುವುದು ನನಗೆ ಗೊತ್ತಿದೆ. ಅದನ್ನೇ ಬರೆಯುತ್ತಿದ್ದೇನೆ.

ಈ ಗಾಡಿ ಮೊದಲು ನನ್ನ ಅಕ್ಕನದು. ಅವಳನ್ನು ಹೊಳಲ್ಕೆರೆ ಕಡೆ ಕೊಟ್ಟಿದ್ದರು. ಗಂಡ ಬೇಗ ತೀರಿಕೊಂಡ ಮೇಲೆ ದುರ್ಗಕ್ಕೆ ವಾಪಸು ಬಂದಳು. ಅವ್ವನೂ ಹೋದ ಮೇಲೆ ಮನೆಯಲ್ಲಿ ಉಳಿದವರು ನಾವಿಬ್ಬರೇ. ನಾನು ಮದುವೆಯಾಗಲಿಲ್ಲ. ಅಕ್ಕ ಕೋಟೆ ಬಾಗಿಲ ಹತ್ತಿರ ಮೆಣಸಿನಕಾಯಿ ಬಜ್ಜಿ, ಒಗ್ಗರಣೆ ಮಂಡಕ್ಕಿಯ ಗಾಡಿ ಇಟ್ಟಳು. ನಾನು ಜೊತೆಗೆ ನಿಂತೆ. ಸಂಜೆಗಿಂತ ಬೆಳಿಗ್ಗೆಯೇ ವ್ಯಾಪಾರ ಜೋರು. ಗುಡ್ಡ ಇಳಿದು ಬಂದವರು ಟವೆಲ್ಲಿನಲ್ಲಿ ಬೆವರು ಒರೆಸಿಕೊಳ್ಳುತ್ತ, ಇಷ್ಟು ನಡೆದಿದ್ದೀವಲ್ಲ, ಕರಗುತ್ತೆ ಬಿಡು ಎಂದು ಬಿಸಿ ಬಜ್ಜಿಗೆ ಕೈಚಾಚುತ್ತಿದ್ದರು. ತುಟಿಯ ಮೇಲಿನ ಎಣ್ಣೆ ಗಲ್ಲಕ್ಕೆ ಇಳಿಯುತ್ತಿತ್ತು. ಅಕ್ಕ ನನ್ನ ಕಿವಿಯ ಹತ್ತಿರ ಬಗ್ಗಿ, "ಗುಡ್ಡದ ಮ್ಯಾಲೆ ಇಳಿಸಿ ಬಂದಿದ್ದನ್ನ ಇಲ್ಲಿ ತುಂಬಿಸ್ಕಂಡು ಹೋಗ್ತಾರೆ ನೋಡು" ಅನ್ನುತ್ತಿದ್ದಳು.

ಒಂದು ಸಲ ಇಬ್ಬರಿಗೂ ಮೈಯಲ್ಲಿ ಹುಷಾರಿರಲಿಲ್ಲ. ಒಟ್ಟಿಗೇ ಡಾಕ್ಟರ ಹತ್ತಿರ ಹೋದೆವು. ಇಬ್ಬರಿಗೂ ಶುಗರ್ ಅಂದರು. ಮಾತ್ರೆ ಕೊಟ್ಟು, ಕರಿದದ್ದು ಬಿಡಿ, ಹೊತ್ತಿಗೆ ಸರಿಯಾಗಿ ಊಟ ಮಾಡಿ, ದಿನಾ ಬೆಳಿಗ್ಗೆ ನಡೆಯಿರಿ ಎಂದು ಇಬ್ಬರಿಗೂ ಒಂದೇ ಮಾತು ಹೇಳಿದರು. ಹೊರಗೆ ಬಂದ ಮೇಲೆ ಅಕ್ಕನೇ ದಾರಿ ತೋರಿಸಿದಳು. "ಒಂದಿನ ನೀನು ಹತ್ತು, ಒಂದಿನ ನಾನು ಹತ್ತೀನಿ. ಹತ್ತದೋರು ಬಾಣಲೆ ನೋಡ್ಕಂಡ್ರಾಯ್ತು. ಗುಡ್ಡ ಏನ್ ನಿನ್ನೊಬ್ಬಂದೇ ಅಲ್ವಲ್ಲ." ಅಂದೇ ಸಂತೆಹೊಂಡದ ರಸ್ತೆಯಲ್ಲಿ ಇಬ್ಬರಿಗೂ ಕ್ಯಾನ್ವಾಸ್ ಬೂಟು ಕೊಂಡೆವು. ಸೀರೆಯ ಕೆಳಗೆ ಬಿಳಿ ಬೂಟು ನೋಡಿಕೊಂಡು ಅಂಗಡಿಯಲ್ಲೇ ನಕ್ಕಳು.

ಮೊದಲ ದಿನ ನಾನು ಹತ್ತಿದೆ. ಗಾಡಿಯ ಹತ್ತಿರ "ಲೇ, ಎರಡು ಪ್ಲೇಟು" ಅನ್ನುತ್ತಿದ್ದ ಅದೇ ವಕೀಲರು, ಬ್ಯಾಂಕಿನವರು ಮೇಲೆ ಬಂಡೆಯ ಮೇಲೆ ಜಾಗ ಬಿಟ್ಟು, "ಬರ್ರಿ, ಕುಂತ್ಕಳ್ರಿ" ಅಂದರು. ನನಗೆ ಯಾರೂ ಹಾಗೆ ಅಂದಿರಲಿಲ್ಲ. ಅವರ ನಡುವೆ ಕೂತು ಗಾಳಿ ಕುಡಿದೆ. ಶುಗರ್ ಅನ್ನುವುದು ಅಲ್ಲಿ ದೊಡ್ಡವರಿಗೆ ಬರುವ ಕಾಯಿಲೆಯಂತೆ ಕಂಡಿತು.

ಮಾರನೇ ದಿನ ಅಕ್ಕ ಹತ್ತಿದಳು. ಹುಟ್ಟಿ ಬೆಳೆದದ್ದು ಇದೇ ಊರಾದರೂ ಹುಡುಗಿಯಾಗಿದ್ದಾಗ ಹೋದವಳು ಮತ್ತೆ ಮೇಲೆ ಹೋಗಿರಲಿಲ್ಲ. ಇಳಿದು ಬಂದಾಗ ಕೆನ್ನೆ ಕೆಂಪಗಾಗಿತ್ತು, ಕೂದಲು ಕೆದರಿತ್ತು. "ಮ್ಯಾಲೆ ಗಾಳಿನೇ ಬೇರೆ ಐತೆ ಕಣೋ. ಎಣ್ಣೆ ವಾಸ್ನೆನೇ ಇಲ್ಲ. ಇಷ್ಟು ವರ್ಷ ಕೆಳಗೆ ನಿಂತು ಹೊಗೆ ಕುಡ್ದಿದ್ದೇ ಬಂತು ನೋಡು." ಬಾಣಲೆಯ ಮುಂದೆ ಬಂದು ನಿಂತ ಮೇಲೂ ಬಹಳ ಹೊತ್ತು ಬೂಟು ಬಿಚ್ಚಲಿಲ್ಲ.

ನನಗೆ ಹೊಟ್ಟೆಯುರಿಯಿತು. ಇನ್ನು ಮೇಲೆ ದಿನ ಬಿಟ್ಟು ದಿನ ನಾನು ಹೊಗೆಯಲ್ಲಿ ನಿಲ್ಲಬೇಕಲ್ಲ, ದಿನ ಬಿಟ್ಟು ದಿನ "ಲೇ" ಅನ್ನಿಸಿಕೊಳ್ಳಬೇಕಲ್ಲ ಅನ್ನಿಸಿತು.

ಅವಳ ಎರಡನೇ ಸರದಿಯ ದಿನ, ಅವಳು ಕೋಟೆ ಬಾಗಿಲು ದಾಟಿ ಮರೆಯಾದ ಮೇಲೆ, ಅವಳು ಕಲಸಿಟ್ಟು ಹೋಗಿದ್ದ ಹಿಟ್ಟಿಗೆ ನಾನು ಒಂದು ಚೊಂಬು ನೀರು ಸುರಿದೆ. ಕೈತಪ್ಪಿ ಸುರಿದದ್ದಲ್ಲ. ಬಜ್ಜಿ ಕರಿಯುವುದು ನನಗೆ ಚೆನ್ನಾಗಿ ಬರುತ್ತಿತ್ತು. ತೆಳ್ಳಗಾದ ಹಿಟ್ಟು ಮೆಣಸಿನಕಾಯಿಗೆ ಹಿಡಿಯದೆ ಬಾಣಲೆಯಲ್ಲಿ ಹರಡಿತು. ಬಜ್ಜಿಗಳು ಎಣ್ಣೆ ಕುಡಿದು, ನೆನೆದ ಚಿಂದಿಯಂತೆ ಮೆತ್ತಗಾದವು. ಅವನ್ನೇ ತಟ್ಟೆಗೆ ಹಾಕಿ ಕೊಟ್ಟೆ. ಒಬ್ಬರು ಬಾಯಿಗಿಟ್ಟದ್ದನ್ನು ಅಲ್ಲೇ ಉಗಿದು, "ಥೂ, ಏನಯ್ಯ ಇದು, ಎಣ್ಣೆ ಹಿಂಡಿದ್ರೆ ದೀಪ ಹಚ್ಬೋದು. ಅಕ್ಕ ಎಲ್ಲಿ?" ಅಂದರು. ಅಕ್ಕ ಇಳಿದು ಬರುವ ಹೊತ್ತಿಗೆ ಗಾಡಿಯ ಮುಂದೆ ನಾಲ್ಕು ಜನ ಗೊಣಗುತ್ತ ನಿಂತಿದ್ದರು. ನಾನು ಸೌಟು ಕೆಳಗಿಟ್ಟು, "ನನ್ ಕೈಲಾಗಲ್ಲಕ್ಕ" ಅಂದೆ. ಮುಖ ಸಪ್ಪಗೆ ಮಾಡಿಕೊಂಡಿದ್ದೆ. ಆ ಮುಖವನ್ನು ನೆನೆದರೆ ಈಗಲೂ ಅದರ ಮೇಲೆ ಉಗಿಯಬೇಕೆನಿಸುತ್ತದೆ.

ಅಕ್ಕ ಪಾತ್ರೆಯನ್ನು ನೋಡಿದಳು, ನನ್ನನ್ನು ನೋಡಿದಳು. "ನಿಂಗೆ ಈ ಜನ್ಮಕ್ಕೆ ಬಜ್ಜಿ ಕೈ ಬರಲ್ಲ ಬಿಡು. ನಾನೇ ನಿಂತ್ಕಂತೀನಿ." ಬೂಟು ಬಿಚ್ಚಿ ಗಾಡಿಯ ಕೆಳಗೆ ತಳ್ಳಿದಳು. ಎಷ್ಟೋ ತಿಂಗಳ ನಂತರ ನಾನು ಅದನ್ನು ಎಳೆದಾಗ ಒಳಗೆ ಜಿರಳೆಗಳು ಮೊಟ್ಟೆಯಿಟ್ಟಿದ್ದವು.

ಅಲ್ಲಿಂದ ಮುಂದೆ ಬೆಳಗೆಲ್ಲ ನನ್ನದೇ ಆಯಿತು. ಒಂದು ದಿನವೂ ತಪ್ಪಿಸಲಿಲ್ಲ. ಹೊಟ್ಟೆ ಇಳಿಯಿತು, ಶುಗರ್ ಇಳಿಯಿತು. ಮೇಲೆ ಕೇಳಿದ್ದನ್ನೆಲ್ಲ ಕೆಳಗೆ ಬಂದು ಅಕ್ಕನಿಗೆ ಬೋಧಿಸಿದೆ. ಅನ್ನ ಬಿಟ್ಟು ನವಣೆ ಬೇಕೆಂದೆ. ಅವಳು ಹೊಸದುರ್ಗದ ಕಡೆಯ ನವಣೆ ತರಿಸಿ, ಗಾಡಿಗೆ ಹೊರಡುವ ಮುಂಚೆ ನನಗೆಂದೇ ಬೇರೆ ಪಾತ್ರೆಯಲ್ಲಿ ಬೇಯಿಸಿಡುತ್ತಿದ್ದಳು. ತಾನು ಮಾತ್ರ ವ್ಯಾಪಾರವೆಲ್ಲ ಮುಗಿದ ಮೇಲೆ, ಬಾಣಲೆಯ ತಳದಲ್ಲಿ ಉಳಿದ ಕರಕಲು ಚೂರುಗಳನ್ನು ಮೆತ್ತಗಾದ ಮಂಡಕ್ಕಿಗೆ ಕಲಸಿಕೊಂಡು ನಿಂತೇ ತಿನ್ನುತ್ತಿದ್ದಳು. ಅದನ್ನು ನೋಡುತ್ತ ನಾನು ನವಣೆ ಜಗಿದೆ.

ಒಂದು ದಿನ ಕೇಳಿದಳು, "ವಾರದಾಗೆ ಒಂದಿನ ಬೆಳಿಗ್ಗೆ ಗಾಡಿ ಹಾಕ್ದೆ ಇದ್ರೆ ಹೆಂಗೆ?"

"ದಿನಾ ನಿಂತೇ ಇರ್ತೀಯಲ್ಲ, ನಿಂಗೆ ಇನ್ನೇನು ವ್ಯಾಯಾಮ ಬೇಕು?" ಅಂದೆ. ಅಷ್ಟಕ್ಕೆ ಬಿಡದೆ, "ಮನಸ್ಸು ಮಾಡಿದ್ರೆ ಟೈಮ್ ತಾನಾಗೇ ಸಿಗ್ತೈತಕ್ಕ" ಅಂತಲೂ ಅಂದೆ.

ಅವಳು ಮತ್ತೆ ಆ ಮಾತೆತ್ತಲಿಲ್ಲ. ನಾನು ಇಳಿದು ಬಂದಾಗಲೆಲ್ಲ ಹೊಗೆಯ ಆಚೆಯಿಂದ ಒಂದೇ ಪ್ರಶ್ನೆ ಕೇಳುತ್ತಿದ್ದಳು.

"ಏನಪ್ಪ, ಗುಡ್ಡ ಅಲ್ಲೇ ಐತಾ?"

"ಅಲ್ಲೇ ಐತಕ್ಕ."

"ಸದ್ಯ. ಯಾರಾದ್ರೂ ಹೊತ್ಕಂಡು ಹೋದ್ರೇನೋ ಅನ್ಕಂಡಿದ್ದೆ."

ಸುತ್ತ ನಿಂತವರು ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಒಂದು ಚಳಿಗಾಲದಲ್ಲಿ ಬಿಸಿ ಎಣ್ಣೆ ಸಿಡಿದು ಅವಳ ಪಾದದ ಮೇಲೆ ಬಿತ್ತು. ಬರಿಗಾಲಲ್ಲಿ ನಿಂತಿದ್ದಳು. ಬೊಬ್ಬೆ ಎದ್ದಿತು, ಒಡೆಯಿತು. ಅರಿಶಿನ ಮೆತ್ತಿ, ಹಳೇ ಸೀರೆಯ ತುಂಡು ಸುತ್ತಿಕೊಂಡಳು. ಹೇಗಿದೆ ಎಂದು ನಾನು ಕೇಳಲಿಲ್ಲ. ಸ್ವಲ್ಪ ದಿನದ ಮೇಲೆ ಗುಡ್ಡದಿಂದ ಇಳಿದು ಬಂದವನಿಗೆ ಗಾಡಿಯ ಹತ್ತಿರ ಕೆಟ್ಟ ವಾಸನೆ ಬಡಿಯಿತು. ಸಿಹಿಯೂ ಅಲ್ಲದ ಹುಳಿಯೂ ಅಲ್ಲದ, ಗಂಟಲಿಗೆ ಅಂಟುವ ವಾಸನೆ. ಗಿರಾಕಿಗಳ ಎದುರಿಗೇ ರೇಗಿದೆ. "ಹಿಟ್ಟು ಹಳಸೈತೆ. ಮೂಗಿಲ್ವಾ ನಿಂಗೆ? ಚೆಲ್ಲು ಮೊದ್ಲು."

ಅಕ್ಕ ಬಗ್ಗಿ ಹಿಟ್ಟಿನ ಪಾತ್ರೆಯನ್ನು ಮೂಸಿದಳು. ಸೀರೆಯ ಅಂಚನ್ನು ಪಾದದ ಮೇಲೆ ಇನ್ನಷ್ಟು ಎಳೆದುಕೊಂಡಳು. ಆಮೇಲೆ ಇಡೀ ಪಾತ್ರೆಯನ್ನು ಎತ್ತಿ ಚರಂಡಿಗೆ ಸುರಿದಳು. ಆಗತಾನೇ ಕಲಸಿದ ಹಿಟ್ಟು. ಚೆನ್ನಾಗಿಯೇ ಇತ್ತು...

ಜ್ವರ ಬಂದು ಬಿದ್ದ ಮೇಲೆ ದಾವಣಗೆರೆಯ ಆಸ್ಪತ್ರೆಗೆ ಸೇರಿಸಿದೆ. ನರ್ಸು ಆ ಬಟ್ಟೆಯನ್ನು ನೀರು ಹಾಕಿ ಬಿಡಿಸುವಾಗ ಪಕ್ಕದಲ್ಲಿದ್ದೆ. ಬಟ್ಟೆಯ ಜೊತೆ ಚರ್ಮವೂ ಬಂತು. ಗಾಡಿಯ ಹತ್ತಿರ ಬಡಿದಿದ್ದ ವಾಸನೆ ಅದೇ. ನಾನು ಮೂಗು ಮುಚ್ಚಿಕೊಂಡೆ. ಅಕ್ಕ ನನ್ನ ಕೈಯನ್ನೇ ನೋಡುತ್ತಿದ್ದಳು.

ಮೊಣಕಾಲಿನ ಕೆಳಗೆ ಕಾಲು ತೆಗೆದರು. ಅದರ ಮಾರನೇ ಬೆಳಿಗ್ಗೆ ನನಗೆ ಎಂದಿನ ಹೊತ್ತಿಗೆ ಎಚ್ಚರವಾಯಿತು. ಮೈ ಸುಮ್ಮನಿರಲಿಲ್ಲ. ಎದ್ದು ಹೋಗಿ ಆಸ್ಪತ್ರೆಯ ಕಾಂಪೌಂಡಿನೊಳಗೆ ಕೈಬೀಸಿಕೊಂಡು ಸುತ್ತು ಹೊಡೆದೆ. ಬೆವರು ಬಂತು, ಹಾಯೆನಿಸಿತು. ಹಾಯೆನಿಸಿತು ಅನ್ನುವುದನ್ನು ಬರೆಯಲೇಬೇಕು. ಇದಕ್ಕಿಂತ ಹೊಲಸು ನನ್ನಲ್ಲಿ ಇನ್ನೊಂದಿಲ್ಲ.

ಒಳಗೆ ಬಂದಾಗ ಅಕ್ಕ ಎಚ್ಚರವಾಗಿದ್ದಳು. ನನ್ನ ಒದ್ದೆ ಅಂಗಿಯನ್ನು ನೋಡಿ, "ಇಲ್ಲಿ ಗುಡ್ಡ ಇಲ್ವಲ್ಲಪ್ಪ, ಎಲ್ಲಿ ಹತ್ತಿದೆ?" ಅಂದಳು.

ಮಂಚದ ಹತ್ತಿರ ಕೂತೆ. "ಅಕ್ಕ, ಅವತ್ತು ಬಜ್ಜಿ ಕೆಟ್ಟಿತ್ತಲ್ಲ, ಆ ಹಿಟ್ಟು..." ಎಂದು ಶುರು ಮಾಡಿದೆ.

"ಗೊತ್ತು. ಕಲ್ಸಿದೋಳು ನಾನು. ಪಾತ್ರೆ ತೊಳ್ದೋಳೂ ನಾನೇ."

"ಮತ್ಯಾಕೆ ಸುಮ್ನಿದ್ದೆ?"

"ನಂಗೇ ಗಾಡಿ ಬಿಟ್ಟು ಹೋಗಕ್ಕೆ ಮನಸಿರ್ಲಿಲ್ಲ ಅನ್ಕ. ಆಗ ನಿಂಗೆ ನಿದ್ದೆ ಬರ್ತೈತೆ" ಎಂದು ಗೋಡೆಯ ಕಡೆ ಮುಖ ತಿರುಗಿಸಿದಳು.

ಹಾಗೇ ಅಂದುಕೊಂಡೆ. ನಿದ್ದೆಯೂ ಬಂತು. ಅಕ್ಕ ಎರಡು ವರ್ಷ ಮನೆಯಲ್ಲಿ ಕೂತೇ ಕಳೆದು ತೀರಿಕೊಂಡಳು. ಅಷ್ಟು ದಿನವೂ ನಾನು ಸಂಜೆ ಮಾತ್ರ ಬಜ್ಜಿ ಕರಿದೆ, ಬೆಳಿಗ್ಗೆ ನಡೆದೆ.

ಅವಳು ಹೋದ ಮೇಲೆ ಬಾಣಲೆ ತೆಗೆದು ಗಂಜಿ ಇಟ್ಟೆ. ಮನೆಯಲ್ಲೇ ಕಾಯಿಸಿ ತಂದು, ಮುಚ್ಚಿಟ್ಟು, ಗುಡ್ಡ ಹತ್ತಿ ಬರುತ್ತೇನೆ. ಗಂಜಿಯ ಮುಂದೆ ಯಾರೂ ನಿಂತು ಕಾಯಬೇಕಿಲ್ಲ. ಅವಳಿದ್ದಾಗಲೂ ಹೀಗೆ ಮಾಡಬಹುದಿತ್ತು. ಇಬ್ಬರೂ ಒಟ್ಟಿಗೇ ಹತ್ತಬಹುದಿತ್ತು... ಆಗ ನನಗದು ಹೊಳೆಯಲಿಲ್ಲ, ಹೊಳೆಯುವುದು ಬೇಕಾಗಿರಲೂ ಇಲ್ಲ.

ಇವತ್ತು ಬೆಳಿಗ್ಗೆ ಮೇಷ್ಟ್ರು ಲೋಟ ಕೈಗೆತ್ತಿಕೊಂಡು, "ಬರ್ದಾಯ್ತೇನಪ್ಪ?" ಎಂದು ಕೇಳಿದರು.

"ಆಯ್ತು ಸಾರ್. ಭಾನುವಾರ ಓದ್ತೀನಿ. ಶಾಲು ಮಾತ್ರ ತರ್ಬೇಡ್ರಿ."

ಅದನ್ನು ವಿನಯ ಅಂದುಕೊಂಡು ಅವರು ನಕ್ಕರು. ಗಂಜಿ ಚೆನ್ನಾಗಿದೆ ಎಂದು ಇನ್ನರ್ಧ ಲೋಟ ಹಾಕಿಸಿಕೊಂಡರು. ಸೋಪು ಹಾಕಿ ಎಷ್ಟು ಉಜ್ಜಿದ್ದರೂ ನನ್ನ ಉಗುರಿನ ಸಂದಿಯಲ್ಲಿ ಆ ಜಿಡ್ಡು ಹಾಗೇ ಇತ್ತು. ಸೌಟು ಎತ್ತಿದಾಗ ವಾಸನೆ ಮೂಗಿಗೆ ಬಂತು. ಮುಖ ತಿರುಗಿಸಿ ಮೇಲೆ ನೋಡಿದೆ. ಬಂಡೆಗಳ ಮೇಲೆ ಬಿಸಿಲು ಬಿದ್ದಿತ್ತು. ಗುಡ್ಡ ಅಲ್ಲೇ ಇತ್ತು. ಕೇಳುವವಳು ಇರಲಿಲ್ಲ.