ಗೊರ್ಗೋನಾಗೆ ಗಡ್ಡ ಬಂದ ವರ್ಷ

ನಮ್ಮ ಕಾಲಿಮ್ನೋಸ್ ದ್ವೀಪದಲ್ಲಿ ಸಿಹಿನೀರು ಚೆಲ್ಲುವುದೂ ಒಂದೇ, ಹಾಲು ಚೆಲ್ಲುವುದೂ ಒಂದೇ. ಅಂಥ ಊರಲ್ಲಿ ಪಕ್ಕದ ಮನೆಯ ಸೆವಾಸ್ತಿ ತೊಟ್ಟಿಯ ಮಳೆನೀರಿನಲ್ಲಿ ಮರಳು ತೊಳೆಯುತ್ತ ಕೂತರೆ ನನ್ನ ಬಾಯಿ ಸುಮ್ಮನಿರುತ್ತದೆಯೇ?

"ತಲೆಗಿಲೆ ಕೆಟ್ಟಿದೆಯೇನೇ? ಕುಡಿಯೋ ನೀರಲ್ಲಿ ಮರಳಿಗೆ ಸ್ನಾನ ಮಾಡಿಸ್ತೀಯಾ?"

"ಹೋದ ಸಲ ಮಾಡಿಸ್ಲಿಲ್ಲ, ಅದಕ್ಕೇ ಗಡ್ಡ ಬಂತು" ಎಂದಳು, ತಲೆ ಎತ್ತದೆ.

ಆ ಗಡ್ಡದ ಕಥೆ ಹೇಳಲೇಬೇಕು. ಅವಳ ಗಂಡ ಮಿಕೆಸ್ ಸ್ಪಂಜು ತೆಗೆಯಲು ಕಡಲಿನ ತಳಕ್ಕೆ ಮುಳುಗುತ್ತಿದ್ದವನು. ಒಮ್ಮೆ ಅವಸರದಲ್ಲಿ ಮೇಲೆ ಬಂದ. ಆಳದಿಂದ ಹಾಗೆ ದಿಢೀರನೆ ಬಂದರೆ ಮೈ ತಡೆಯದು; ಕಾಲುಗಳ ಬಲ ಹೋಯಿತು. ಅಂದಿನಿಂದ ಬಂದರಿನ ಕಾಫಿ ಅಂಗಡಿಯಲ್ಲಿ ಕಡಲಿಗೆ ಬೆನ್ನು ಹಾಕಿ, ಬೋಳು ಗೋಡೆ ನೋಡುತ್ತ ಕೂರುತ್ತಿದ್ದ. ಯಾರು ಮಾತಾಡಿಸಿದರೂ "ಹ್ಞೂಂ" ಅಷ್ಟೆ.

"ಅವನು ತಲೆ ಎತ್ತಿ ಒಂದು ಮಾತಾಡಿದ್ರೆ ಸಾಕು ಕಣೇ ಥೆಮೆಲಿನಾ" ಎಂದು ಸೆವಾಸ್ತಿ ನನ್ನ ಹತ್ತಿರ ಅತ್ತಿದ್ದಳು. ಅತ್ತು, ಮೂಗು ಒರೆಸಿಕೊಂಡು, ಅದೇ ಗೋಡೆಯ ಮೇಲೆ ಗೊರ್ಗೋನಾಳನ್ನು ಬರೆಯಲು ಹೊರಟಳು.

ಗೊರ್ಗೋನಾ ಎಂದರೆ ಸೊಂಟದಿಂದ ಕೆಳಗೆ ಮೀನು, ಮೇಲೆ ಹೆಣ್ಣು. ದೋಣಿ ಹಿಡಿದು ನಿಲ್ಲಿಸಿ, "ನಮ್ಮಣ್ಣ ಅಲೆಕ್ಸಾಂದ್ರ ದೊರೆ ಬದುಕಿದ್ದಾನಾ?" ಎಂದು ಕೇಳುವವಳು. "ಬದುಕಿದ್ದಾನೆ, ಆಳ್ತಿದ್ದಾನೆ" ಅನ್ನಬೇಕು. ಸತ್ತ ಅಂದಿರೋ, ದೋಣಿ ತಳ ಸೇರಿತು. ನಮ್ಮಲ್ಲಿ ತೊಟ್ಟಿಲ ಕೂಸಿಗೂ ಈ ಉತ್ತರ ಗೊತ್ತು.

ಸೆವಾಸ್ತಿ ಸ್ಪಂಜು ಕತ್ತರಿಸುವ ಕೆಲಸದವಳು, ಚಿತ್ರ ಕಲಿತವಳಲ್ಲ. ಕೈಗೆ ಸಿಕ್ಕಿದ್ದೆಲ್ಲ ಅವಳಿಗೆ ಬಣ್ಣವೇ. ಸುಣ್ಣ ಮರಳು ಕಲಸಿ ಮೈ ಉಬ್ಬಿಸಿದಳು. ಎಣ್ಣೆ ಡಬ್ಬದ ತಗಡಿನಿಂದ ಹುರುಪೆ, ಸ್ಪಂಜಿನ ಚೂರುಗಳಿಂದ ಗುಂಗುರು ಕೂದಲು. ಚೆಲುವೆ ಅಂದರೆ ಚೆಲುವೆ! ಆದರೆ ಮರಳು ದಡದ್ದು, ಬರೀ ಉಪ್ಪು. ತೆಂಕಣ ಗಾಳಿಯ ತೇವಕ್ಕೆ ಮುಖ ಬೆವೆತಿತು. ಬಡಗಣ ಗಾಳಿ ಒಣಗಿಸಿದ ಮೇಲೆ ಗಲ್ಲದ ತುಂಬ ಬಿಳಿ ಉಪ್ಪು ಅರಳಿತು.

"ಮಾತೆ ಮರಿಯಾ! ಗಡ್ಡ ಬಿಟ್ಟು ಪಾದ್ರಿ ಆಗ್ಬಿಟ್ಟಳಲ್ರೋ!" ಅಂಗಡಿಯೆಲ್ಲ ನಕ್ಕಿತು. ಅಂಗಡಿ ಮಾಲೀಕ ಸಕೆಲ್ಲಾರಿಸ್ ಹೊಟ್ಟೆ ಹಿಡಿದುಕೊಂಡೇ ಹೇಳಿದ: "ಅಕ್ಕಾ, ಇನ್ನೊಂದೇ ಸಲ. ಈಸ್ಟರ್ ಹೊತ್ತಿಗೆ ಸರಿಹೋಗ್ಲಿಲ್ವೋ, ಸುಣ್ಣ ಹೊಡೆದು ಟೀವಿ ತೂಗುಹಾಕ್ತೀನಿ."

ಮಿಕೆಸ್ ನಗಲಿಲ್ಲ. ಆದರೆ ಆ ಗಡ್ಡವನ್ನೇ ದಿಟ್ಟಿಸುತ್ತಿದ್ದ. ಸೆವಾಸ್ತಿ ಅದನ್ನು ಕಂಡಳು.

ಗೊರ್ಗೋನಾಳ ಮುಖ ಕೆದಕಿ ತೆಗೆದಳು. ಮರಳು ತೊಳೆದು, ನಾಲಿಗೆಗೆ ಹಚ್ಚಿ, ಉಪ್ಪೆನಿಸಿದರೆ ಮತ್ತೆ ತೊಳೆದಳು. ಗೊಣಗುತ್ತಲೇ ನಮ್ಮ ತೊಟ್ಟಿಯ ನೀರೂ ಹೊತ್ತು ಕೊಟ್ಟೆ. ಮುಖ ಮುಗಿಯಿತು. ಚಿತ್ರದ ಕೆಳಗಿನ ಅಲೆಗಳ ಸರದಿ ಬಂದಾಗ ನೋಡುತ್ತೇನೆ, ಮಹಾರಾಯ್ತಿ ದಡದ ಉಪ್ಪುಮರಳನ್ನೇ ಕಲಸುತ್ತಿದ್ದಾಳೆ!

"ಮತ್ತದೇ ತಪ್ಪಾ?"

"ಮುಖದ ಮೇಲಾದ್ರೆ ತಪ್ಪು ಕಣೇ. ಅಲೆ ಮೇಲಾದ್ರೆ ನೊರೆ."

ಈಸ್ಟರ್ ಮುಗಿದು ಸ್ಪಂಜಿನ ದೋಣಿಗಳು ಹೊರಡುವ ಬೆಳಗ್ಗೆ ಆಕಾಶ ತಿಳಿಯಾಗಿತ್ತು. ಎಲ್ಲರೂ ಕೊನೆಯ ಕಾಫಿ ಕುಡಿಯುತ್ತಿದ್ದಾಗ ಒಂದು ದನಿ ಗುಡುಗಿತು. "ನಿಲ್ರೋ! ಗೋಡೆ ಮೇಲಿನ ಅಲೆ ಬೆವರ್ತಿದೆ. ತೆಂಕಣ ಗಾಳಿ ಏಳತ್ತೆ, ಹೋಗ್ಬೇಡಿ."

ಮಿಕೆಸ್! ಗಾಳಿಯ ಮಾತಿಗಿಂತ ಅವನ ದನಿಗೇ ಜನ ದಂಗಾದರು. ಸೆವಾಸ್ತಿಯ ಕೈಯ ತಟ್ಟೆ ಕೆಳಗೆ ಬಿತ್ತು. ದೋಣಿಗಳು ದಡದಲ್ಲೇ ಉಳಿದವು. ಮಧ್ಯಾಹ್ನಕ್ಕೆ ಕಡಲು ಕಟ್ಟೆ ಹತ್ತಿ ಅಂಗಡಿಯ ಕುರ್ಚಿಗಳನ್ನು ಉರುಳಾಡಿಸಿತು. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಜಾತಿಯ ನೋಮಿಕೋಸ್ ಕಪ್ತಾನ, "ನಾನೂ ಹೋಗೋದು ಬೇಡ ಅಂತ್ಲೇ ಇದ್ದೆ" ಅಂದ. ಗಾಳಿ ಬಡಗಣಕ್ಕೆ ತಿರುಗಿ ಗೋಡೆಯ ಅಲೆಗಳು ಒಣಗಿ, ಅವುಗಳ ಮೇಲೆ ಉಪ್ಪಿನ ಬಿಳಿ ನೊರೆ ಅರಳಿದ ದಿನ ಮಿಕೆಸನೇ "ಇನ್ನು ಹೊರಡಿ" ಎಂದ. ನನಗೆ ಕುಣಿಯುವಷ್ಟು ಸಂತೋಷ, ಕುಣಿದೆ ಕೂಡ.

ಈಗ ಯಾವ ದೋಣಿ ಹೊರಡಬೇಕಾದರೂ ಕಪ್ತಾನ ಮೊದಲು ಅಂಗಡಿ ಬಾಗಿಲಲ್ಲಿ ನಿಂತು ಕೂಗುತ್ತಾನೆ: "ಮಿಕೆಸ್ ಬದುಕಿದ್ದಾನಾ?"

"ಬದುಕಿದ್ದಾನೆ, ಆಳ್ತಿದ್ದಾನೆ!" ಎಂದು ಒಳಗಿಂದ ಉತ್ತರ ಬರುತ್ತದೆ. "ಮೊದ್ಲು ನಂಗೊಂದು ಕಾಫಿ ಹೇಳು."