ಬೆಕ್ಕಿನ ಗುರ್ ಗುರ್

ನಾನು ಚಿಕ್ಕವನಿದ್ದಾಗ ಹಾಸನದ ಹತ್ತಿರದ ಹಳ್ಳಿ ದುದ್ದದ ನಮ್ಮ ಮನೆಯಲ್ಲಿ ಅಪ್ಪನಿಗಿಂತ ಹೆಚ್ಚು ಗತ್ತು ಇದ್ದದ್ದು ಒಂದು ಬೂದು ಬೆಕ್ಕಿಗೆ. ಮಾಗಿಯ ಚಳಿಯಲ್ಲಿ ಬೆಳಗಿನ ಮಂಜು ಹಿತ್ತಲ ತೆಂಗಿನ ಮರಗಳನ್ನು ಅರ್ಧಕ್ಕೆ ನುಂಗಿಬಿಡುತ್ತಿತ್ತು. ಆಮೇಲೆ ಹೆಂಚಿನ ನಡುವಿನ ಗಾಜಿನಿಂದ ಬಿಸಿಲು ಇಳಿಯುತ್ತಿತ್ತು. ಆ ಬಿಸಿಲಲ್ಲಿ ಬೆಕ್ಕು ನನ್ನ ತೊಡೆಯ ಮೇಲೆ ಮಲಗಿ ಗುರ್ ಗುರ್ ಅನ್ನುತ್ತಿದ್ದರೆ ನನಗೂ ಕಣ್ಣು ಎಳೆಯುತ್ತಿತ್ತು.

ಒಂದು ದಿನ ಅದು ಅಟ್ಟದಿಂದ ಬಿತ್ತು. ಊಟ ಬಿಟ್ಟಿತು, ರಾಗಿ ಮೂಟೆಗಳ ಸಂದಿಯಲ್ಲಿ ಮುದುಡಿ ಕೂತಿತು. ಆದರೆ ಗುರ್ ಗುರ್ ನಿಂತಿರಲಿಲ್ಲವಲ್ಲ, ಸುಖವಾಗಿಯೇ ಇದೆ ಅಂದುಕೊಂಡೆ. ಎತ್ತಿ ತೊಡೆಯ ಮೇಲೆ ಹಾಕಿಕೊಂಡು ಸೊಂಟ ಒತ್ತಿ ಒತ್ತಿ ನೇವರಿಸಿದೆ. ಎಂಥ ಬೆಪ್ಪು ನಾನು! ಅಕ್ಕ ಮಾತ್ರ, ಇದಕ್ಕೆ ಎಲ್ಲೋ ನೋಯುತ್ತಿದೆ ಅಂದಳು. ನೋವಿಗೆ ಮಾತ್ರೆ ಇದೆಯಲ್ಲ ಎಂದು ಮರುದಿನ ಬೆಳಗ್ಗೆ ಅಪ್ಪನ ತಲೆನೋವಿನ ಮಾತ್ರೆ ಪುಡಿಮಾಡಿ, ಯಾರಿಗೂ ಹೇಳದೆ ಹಾಲಿಗೆ ಬೆರೆಸಿ ಅದರ ಮುಂದಿಟ್ಟೆ. ಮೂಸಿ ಮುಖ ತಿರುಗಿಸಿತು. ಆಮೇಲೆ ಕುಡಿಯುತ್ತದೆ ಬಿಡು ಎಂದು ಅಪ್ಪನ ಜೊತೆ ಹಾಲು ಹಾಕಲು ಡೇರಿಗೆ ಹೋದೆ.

ಅಲ್ಲಿ ದನದ ಡಾಕ್ಟರು ಹಸುಗಳನ್ನು ನೋಡುತ್ತಿದ್ದರು. ನಾನು ಬೆಕ್ಕಿನ ವಿಷಯ ಎತ್ತಿದಾಗ ಸಾಲಿನಲ್ಲಿದ್ದವರೆಲ್ಲ ನಕ್ಕರು. ಆ ಕಾಲದಲ್ಲಿ ಬೆಕ್ಕಿಗೆ ಯಾರು ಡಾಕ್ಟರನ್ನು ಕೇಳುತ್ತಿದ್ದರು? ಡಾಕ್ಟರು ನಗಲಿಲ್ಲ. ಮಾತ್ರೆ ಅಂದಾಗಲಂತೂ ಅವರ ಕೈ ಹಸುವಿನ ಬೆನ್ನ ಮೇಲೇ ನಿಂತಿತು.

"ನಮ್ ಮಾತ್ರೆ ಬೆಕ್ಕಿಗೆ ವಿಷ ಕಣ್ಲಾ. ಓಡು, ಮೊದ್ಲು ಚೆಲ್ಲು."

ಆ ಓಟ ಈಗಲೂ ನನ್ನ ಕನಸಿನಲ್ಲಿ ಬರುತ್ತದೆ. ಮಂಜಿನಲ್ಲಿ ದಾರಿ ಕಾಣದು, ಎಷ್ಟು ಓಡಿದರೂ ಮನೆ ಹತ್ತಿರವಾಗದು, ಹುರುಳಿ ಹೊಲದ ಇಬ್ಬನಿ ಮಾತ್ರ ಕಾಲಿಗೆ ತಣ್ಣಗೆ ತಾಗುತ್ತಿರುತ್ತದೆ. ಅಂದು ಹೇಗೋ ಮನೆ ಮುಟ್ಟಿದೆ. ಮೂಟೆಗಳ ಸಂದಿಗೆ ಬಗ್ಗಿ ನೋಡಿದರೆ ಬಟ್ಟಲು ತುಂಬಿಯೇ ಇತ್ತು, ಹಾಲಿನ ಮೇಲೆ ಕೆನೆ ಕಟ್ಟಿತ್ತು. ಆ ಹಾಲನ್ನು ಹಿತ್ತಲಲ್ಲಿ ಗುಂಡಿ ತೋಡಿ ಚೆಲ್ಲಿ, ಮಣ್ಣು ಮುಚ್ಚಿ ಅಲ್ಲೇ ಕೂತು ಅತ್ತುಬಿಟ್ಟೆ.

ಹಿಂದೆಯೇ ಡಾಕ್ಟರು ಸೈಕಲ್ಲಿನಲ್ಲಿ ಬಂದರು. ಮೆಲ್ಲಗೆ ಮುಟ್ಟಿ ನೋಡಿ, ಮೂಳೆ ಮುರಿದಿಲ್ಲ, ಸೊಂಟಕ್ಕೆ ಪೆಟ್ಟಾಗಿದೆ ಎಂದರು.

"ಗುರ್ ಅನ್ನೋದು ಯಾವಾಗ್ಲೂ ಖುಷಿಗಲ್ಲ ಕಣಪ್ಪ. ನೋವಾದ್ರೂ ಅಂಗೇ ಅಂತದೆ, ತನ್ನ ತಾನೇ ಸಮಾಧಾನ ಮಾಡ್ಕಳಕ್ಕೆ."

ಒಂದು ಇಂಜೆಕ್ಷನ್ ಕೊಟ್ಟು, ಎತ್ತಬೇಡ, ತಗ್ಗು ಬುಟ್ಟಿಯಲ್ಲಿ ಬೆಚ್ಚಗೆ ಮಲಗಿಸು ಎಂದು ಹೇಳಿ ಹೋದರು. ಹದಿನೈದು ದಿನಕ್ಕೆ ಬೆಕ್ಕು ಮತ್ತೆ ಅಟ್ಟ ಹತ್ತಿತು.

ನಿಮ್ಮ ಕಾಲವೇ ಬೇರೆ ಮಕ್ಕಳೇ. ಹಾಸನದಲ್ಲಿ ಈಗ ನಾಯಿ ಬೆಕ್ಕಿಗೆ ಎಕ್ಸ್‌ರೇ ಉಂಟು, ಅವಕ್ಕೆಂದೇ ಮಾತ್ರೆಗಳುಂಟು. ಆದರೂ ನೋಡುವ ಕಣ್ಣು ಬೇಕಲ್ಲ. ಮೊನ್ನೆ ನಮ್ಮ ಮುದಿ ನಾಯಿ ನಿಂತು ನಿಂತು ಮೆಟ್ಟಿಲು ಹತ್ತುತ್ತಿದ್ದಾಗ, ವಯಸ್ಸಾಯಿತು ಬಿಡಿ ಅಂದವನು ನಾನೇ. ಅದಕ್ಕೆ ನೋಯುತ್ತಿದೆ ಎಂದು ಹಟ ಹಿಡಿದು ಎಲ್ಲರನ್ನೂ ಆಸ್ಪತ್ರೆಗೆ ಹೊರಡಿಸಿದವಳು ನಿಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು. ಅವತ್ತು ಸಂಜೆ ನಾನು ಗೋಡೆ ಹಿಡಿದು ಏಳುವುದನ್ನೂ ಅವಳು ನೋಡಿದಳು.

"ನಿಮಗೂ ನೋಯುತ್ತಾ, ತಾತ?"

ಏನಿಲ್ಲ ಎಂದೆ. ಅವಳು ನಂಬಲಿಲ್ಲ. ಪಕ್ಕದಲ್ಲಿ ಕೂತು ನನ್ನ ಮಂಡಿಯ ಮೇಲೆ ಕೈಯಿಟ್ಟಳು, ಒತ್ತಲಿಲ್ಲ.