ಸತ್ತವರಿಗೆ ಸೆವ್ರಿನ್ ಬಾಯಿ

ಭಾಂಡುಪಿನ ಆ ಸಾಲುಮನೆಗಳ ಚಾಳಿನಲ್ಲಿ ಯಾರಾದರೂ ತೀರಿಕೊಂಡರೆ ಹೂವಿಗಿಂತ ಮೊದಲು ಸೆವ್ರಿನ್ ಬಾಯಿಯ ಜಪಮಾಲೆ ಬಂದಿರುತ್ತದೆ. ಪಾಪಕ್ಕೆ ಕ್ಷಮೆ ಸಿಕ್ಕಿದರೂ ಅದರ ಕಲೆ ಹೋಗುವ ತನಕ ಆತ್ಮ ಶುದ್ಧೀಕರಣದ ಬೆಂಕಿಯಲ್ಲಿ ಕಾಯಬೇಕು, ಅಲ್ಲಿರುವವರಿಗೆ ಬದುಕಿರುವವರ ಪ್ರಾರ್ಥನೆಯೇ ಆಸರೆ ಎಂದು ಆಕೆ ಚಿಕ್ಕಂದಿನಲ್ಲೇ ಕಲಿತವಳು; ಆ ಕೆಲಸವೆಲ್ಲ ತನ್ನೊಬ್ಬಳ ಮೇಲೆಯೇ ಬಿದ್ದಿದೆ ಎಂಬಂತೆ ದಣಿದಿರುತ್ತಾಳೆ. ಲೋಕಲ್ ರೈಲು ನಡುದಾರಿಯಲ್ಲಿ ನಿಂತಾಗ, ಯಾರೋ ಹಳಿಗೆ ಸಿಕ್ಕರಂತೆ ಎಂದು ಡಬ್ಬಿಯ ಹೆಂಗಸರು ಗೊಣಗುವಾಗ ಈಕೆ ಶಿಲುಬೆಯ ಗುರುತು ಹಾಕಿ ಪ್ರಾರ್ಥನೆ ಶುರುಮಾಡಿರುತ್ತಾಳೆ. ಒಮ್ಮೆ ಆಸ್ಪತ್ರೆಯಲ್ಲಿ ಇನ್ನೂ ಉಸಿರಾಡುತ್ತಿದ್ದ ಪಕ್ಕದ ಮನೆಯ ಲಿಗೋರಿಗೂ ಸತ್ತವರಿಗೆಂದು ಬೇಡುವ ನಿತ್ಯ ವಿಶ್ರಾಂತಿ ಬೇಡಿಬಿಟ್ಟಿದ್ದಳು. ಗುಣವಾಗಿ ಬಂದ ಅವನು, "ನಿಮ್ಮ ಅವಸರಕ್ಕೆ ನಾನು ಸಾಯ್ಲಿಕ್ಕೆ ಆಗ್ತದಾ ಬಾಯಿ?" ಎಂದರೆ, "ಇರಲಿ ಮಾರಾಯ, ಮುಂದೆ ಬೇಕಾಗ್ತದೆ" ಎಂದಳು. ಮಂಡಿ ಊದಿಕೊಂಡಿದೆ, ಪ್ರಾರ್ಥನೆಯ ನಡುವೆಯೇ ತೂಕಡಿಕೆ ಬರುತ್ತದೆ, ಆದರೂ ಸತ್ತವರ ಹೆಸರುಗಳು ಮುಗಿಯುವುದಿಲ್ಲ. ಕುಡಿದು ಬಂದು ಹೊಡೆಯುತ್ತಿದ್ದ ಗಂಡ ಪಾಸ್ಕಲನ ಹೆಸರು ಮಾತ್ರ ಅವನು ಸತ್ತಂದಿನಿಂದ ಆ ಬಾಯಿಂದ ಬಂದಿಲ್ಲ. ಈ ಸಲ ಸಕಲ ಮೃತರ ದಿನದ ಸಂಜೆ ಮಗಳು ಪ್ರೆಸಿಲ್ಲಾ ಮೆಲ್ಲಗೆ, "ಮಮ್ಮಿ, ನೀನೂ ಬಿಟ್ರೆ ಡ್ಯಾಡಿಗೆ ಅಲ್ಲಿ ಯಾರಿದ್ದಾರೆ?" ಎಂದು ಕೇಳಿದಳು. ಸೆವ್ರಿನ್ ಬಾಯಿ ಜಪಮಾಲೆಯನ್ನು ಮಗಳ ಕೈಗೆ ಇಟ್ಟಳು. ಆಮೇಲೆ, "ನನ್ನಿಂದ ಆಗುದಿಲ್ಲ ಮಗಾ. ಅವರ ಹೆಸರು ನೀನೇ ಹೇಳು. ಆಮೆನ್ ನಾನು ಹೇಳ್ತೇನೆ" ಎಂದಳು.